ಗೊಂಬೆಮನೆಯ ನೆಲಕ್ಕೆ ಕಾಫಿ ಕಡ್ಡಿಯೇ ಸರಿ

ಗೊಂಬೆಮನೆಗೆ ಮರದ ನೆಲ ಬೇಕು, ಖರ್ಚು ಜಾಸ್ತಿ ಆಗಬಾರದು ಅನ್ನುವವರಿಗೆ ನಾನು ಹೇಳುವುದು ಒಂದೇ: ಕಾಫಿ ಕಲಕುವ ಮರದ ಕಡ್ಡಿ ತನ್ನಿ. ಐಸ್‌ಕ್ರೀಂ ಕಡ್ಡಿ, ಪ್ರಿಂಟ್ ಹಾಕಿದ ಕಾಗದ, ಫೋಮ್ ಶೀಟ್ ಮೂರನ್ನೂ ಒಂದೊಂದು ಕೋಣೆಗೆ ಹಾಕಿ ನೋಡಿದ್ದೇನೆ. ಉಳಿದ ಕೋಣೆಗಳಿಗೆಲ್ಲ ಈ ಕಡ್ಡಿಯನ್ನೇ ತಂದೆ.

ಮುಖ್ಯ ಕಾರಣ ಅಗಲ. ನನ್ನದು 1:12 ಅಳತೆಯ ಮನೆ, ಅಂದರೆ ನಿಜದ ಒಂದು ಅಡಿ ಇಲ್ಲಿ ಒಂದು ಇಂಚು. ಐಸ್‌ಕ್ರೀಂ ಕಡ್ಡಿ ಸುಮಾರು 10 ಮಿ.ಮೀ. ಅಗಲ ಇರುತ್ತದೆ, ಈ ಲೆಕ್ಕದಲ್ಲಿ 12 ಸೆಂ.ಮೀ. ಹಲಗೆ. ದೊಡ್ಡ ಹಾಲ್‌ಗೆ ಪರವಾಗಿಲ್ಲ, ಪುಟ್ಟ ಕೋಣೆಯಲ್ಲಿ ಒರಟಾಗಿ ಕಾಣುತ್ತದೆ. ಕಾಫಿ ಕಡ್ಡಿ 5-6 ಮಿ.ಮೀ. ಅಷ್ಟೇ, ಹಾಗಾಗಿ ನೆಲ ನಿಜವಾದ ಮನೆಯದೇ ಅನ್ನಿಸುತ್ತದೆ. ದಪ್ಪವೂ ಕಡಿಮೆ. ಐಸ್‌ಕ್ರೀಂ ಕಡ್ಡಿ ಹಾಕಿದ ಕೋಣೆಯಲ್ಲಿ ನೆಲ 2 ಮಿ.ಮೀ. ಮೇಲೆದ್ದು ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು.

ಎರಡರ ತುದಿಯೂ ದುಂಡಗೆ, ಕತ್ತರಿಸಲೇಬೇಕು. ಕತ್ತರಿ ಹಾಕಿದರೆ ಉದ್ದಕ್ಕೆ ಸೀಳುತ್ತದೆ. ಕಟರ್‌ನಿಂದ ಎರಡೂ ಕಡೆ ಗೀರಿ, ಆಮೇಲೆ ಮುರಿಯಿರಿ.

ನಿಜವಾದ ಕಾಟ ಅಂಟಿನದು. ಬಿಳಿ ಅಂಟು ಹಚ್ಚಿ ಕಡ್ಡಿ ಜೋಡಿಸಿದರೆ ಸಂದಿನಿಂದ ಸ್ವಲ್ಪ ಮೇಲೆ ಉಕ್ಕುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಯಿತು ಅನ್ನಿಸುತ್ತದೆ. ಆದರೆ ಬಣ್ಣ ಹಚ್ಚಿದಾಗ ಅಂಟು ತಾಗಿದ ಜಾಗ ಬಣ್ಣ ಹೀರುವುದಿಲ್ಲ, ಅಲ್ಲಲ್ಲಿ ಬಿಳಿಚಿಕೊಂಡ ಕಲೆ ಉಳಿಯುತ್ತದೆ. ಸ್ಯಾಂಡ್‌ಪೇಪರ್ ಉಜ್ಜಿದರೂ ಪೂರ್ತಿ ಹೋಗದು. ಆದ್ದರಿಂದ ಬಣ್ಣ ಮೊದಲು, ಅಂಟು ಆಮೇಲೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಒಂದೊಂದು ಕಡ್ಡಿ ಒಂದೊಂದು ಥರ ಬಣ್ಣ ಕುಡಿಯುತ್ತದೆ, ಒಣಗಿದ ಮೇಲೆ ಕಪ್ಪಗಿನದು, ತಿಳಿಯದು ಅಂತ ಬೆರೆಸಿ ಜೋಡಿಸಬಹುದು. ನಾನು ಗಟ್ಟಿ ಚಹಾ ಹಚ್ಚಿ ಒಣಗಿಸುತ್ತೇನೆ. ಕಬ್ಬಿಣದ ಮೊಳೆಗಳನ್ನು ಕೆಲವು ದಿನ ನೆನೆಹಾಕಿಟ್ಟ ವಿನೆಗರ್ ಅನ್ನು ಅದರ ಮೇಲೆ ಸವರಿದರೆ ಚಹಾದ ಒಗರಿಗೂ ಕಬ್ಬಿಣಕ್ಕೂ ಸೇರಿ ಮರ ಬೂದುಗಪ್ಪಾಗುತ್ತದೆ, ಹಳೇ ಮನೆಯ ಹಲಗೆಯ ಹಾಗೆ.

ಅಂಟಿನ ಕಾಟ ಅಲ್ಲಿಗೇ ಮುಗಿಯುವುದಿಲ್ಲ. ಅದರಲ್ಲಿರುವ ನೀರು ಕಡ್ಡಿಗಳ ಅಡಿಗೆ ಹಾಕುವ ರಟ್ಟನ್ನು ಉಬ್ಬಿಸುತ್ತದೆ, ಒಣಗುವಾಗ ಅದೇ ರಟ್ಟು ಬಗ್ಗಿ ಮೂಲೆಗಳು ಮೇಲೇಳುತ್ತವೆ. ಇದಕ್ಕೆ ರಟ್ಟಿನ ಹಿಂಬದಿಗೂ ಒಂದು ಕಾಗದ ಅಂಟಿಸಬೇಕು, ಆಗ ಎರಡೂ ಕಡೆಯ ಎಳೆತ ಹೆಚ್ಚುಕಡಿಮೆ ಸಮನಾಗುತ್ತದೆ. ಅಂಟು ತೆಳ್ಳಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಭಾರದ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಮನೆಯೊಳಗೇ ನೇರವಾಗಿ ಅಂಟಿಸಬೇಡಿ. ಕೋಣೆಯ ಅಳತೆಗೆ ರಟ್ಟು ಕತ್ತರಿಸಿ ಅದರ ಮೇಲೆ ಜೋಡಿಸಿದರೆ ಬೇಕಾದಾಗ ನೆಲವನ್ನೇ ಹೊರಗೆ ತೆಗೆಯಬಹುದು.

ಪ್ರಿಂಟ್ ಹಾಕಿದ ಕಾಗದ ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಆದರೆ ಪಕ್ಕದಿಂದ ಬೆಳಕು ಬಿದ್ದರೆ ಬರೀ ಚಿತ್ರ ಅಂತ ಗೊತ್ತಾಗಿಬಿಡುತ್ತದೆ. ಇಂಕ್‌ಜೆಟ್ ಪ್ರಿಂಟ್ ಆದರೆ ಒದ್ದೆ ಅಂಟಿಗೆ ಬಣ್ಣ ಕದಡುತ್ತದೆ, ಗಮ್ ಸ್ಟಿಕ್ ಬಳಸಿ.

ಫೋಮ್ ಶೀಟ್ ಅಡುಗೆಮನೆಗೆ, ಬಚ್ಚಲಿಗೆ ಚೆನ್ನ. ಇಂಕು ಮುಗಿದ ಬಾಲ್‌ಪೆನ್‌ನಿಂದ ಗೆರೆ ಒತ್ತಿದರೆ ಟೈಲ್ಸ್ ಸಿದ್ಧ. ಭಾರದ ಪೀಠೋಪಕರಣ ಇಟ್ಟರೆ ಕಾಲಿನ ಗುಳಿ ಬೀಳುತ್ತದೆ.

ನನಗೆ ಸಂಜೆ ಸುಮ್ನೆ ಕೂತು ಒಂದೊಂದೇ ಕಡ್ಡಿ ಜೋಡಿಸುವುದು ಇಷ್ಟ, ಅವಸರ ಇರುವುದಿಲ್ಲ. ನಾಳೆಯೇ ಉಡುಗೊರೆ ಕೊಡಬೇಕಾದವರು ಕಾಗದ ಹಾಕಲಿ. ಕೈಬಿಗಿ ಇರುವವರಿಗೂ ಕಾಫಿ ಕಡ್ಡಿಯೇ ಒಳ್ಳೆಯದು, ಏಕೆಂದರೆ ಒಂದು ಕಟ್ಟು ತಂದರೆ ಏನೂ ದಂಡವಾಗುವುದಿಲ್ಲ. ನೆಲದ ಅಂಚಿನಲ್ಲಿ ಗೋಡೆಗೆ ಒಂದು ಮಿ.ಮೀ. ಜಾಗ ಬಿಡಿ. ಮಿಕ್ಕ ಕಡ್ಡಿಗಳನ್ನೇ ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಆಗಿ ನಿಲ್ಲಿಸಿದರೆ ಆ ಸಂದು ಮುಚ್ಚಿಹೋಗುತ್ತದೆ.