ಪೆಟ್ರೋಲ್ ಮುಚ್ಚಳದ ಕೆಳಗೆ ಅಂಟಿಸಿದ ಪಿಪಿಎಫ್: ಹಲವು ವರ್ಷಗಳ ಬಳಕೆಯ ನಂತರ

ಕಾರಿನ ಪೆಟ್ರೋಲ್ ಮುಚ್ಚಳದ ಕೆಳ ಅಂಚಿನಿಂದ ಹಿಂಚಕ್ರದ ಕಮಾನಿನವರೆಗಿನ ಬಣ್ಣವನ್ನು ಕಾಪಾಡಲು ಟಿಪಿಯು ಎಂಬ ಹಿಗ್ಗುವ ಪ್ಲಾಸ್ಟಿಕ್‌ನ ಪಾರದರ್ಶಕ ಫಿಲ್ಮನ್ನು, ಅಂದರೆ ಎಲ್ಲರೂ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಎಂದು ಕರೆಯುವ ಹಾಳೆಯನ್ನು, ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅದು ನನಗೆ ತೃಪ್ತಿ ತಂದಿದೆ. ಆದರೆ ಹಾಳೆ ಎಷ್ಟು ಒಳ್ಳೆಯದು ಎಂಬುದಕ್ಕಿಂತ ಅದರ ಅಂಚನ್ನು ಎಲ್ಲಿ ಮುಗಿಸಿದ್ದಾರೆ ಎಂಬುದೇ ಹೆಚ್ಚು ಮುಖ್ಯವೆಂದು ಈ ಅವಧಿಯಲ್ಲಿ ಮನಗಂಡಿದ್ದೇನೆ.

ನಾಜಲ್ ಹೊರತೆಗೆಯುವಾಗ ತೊಟ್ಟಿಕ್ಕುವ ಪೆಟ್ರೋಲ್ ಬೇಗನೆ ಆವಿಯಾಗುತ್ತದೆ. ಅದರಲ್ಲಿ ಬೆರೆತಿರುವ ಬಣ್ಣ ಮತ್ತು ಇತರ ರಾಸಾಯನಿಕಗಳು ಮಾತ್ರ ಹಿಂದೆ ಉಳಿದು, ಬಿಸಿಲಿಗೆ ಕಾದು, ಹಳದಿ ಗೆರೆಯಾಗಿ ಕೂರುತ್ತವೆ. ಬಣ್ಣದ ಮೇಲೆ ಕಾರ್ಖಾನೆಯಲ್ಲಿ ಹೊಡೆಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪವಿದ್ದು, ಒಲೆಯಲ್ಲಿ ಬೆಂದು ಗಟ್ಟಿಯಾಗಿರುವುದರಿಂದ ಒಂದೆರಡು ಹನಿಗಳನ್ನು ತಡೆದುಕೊಳ್ಳುತ್ತದೆ. ಹಾರ್ಡ್‌ನರ್ (ಗಟ್ಟಿಗೊಳಿಸುವ ರಾಸಾಯನಿಕ) ಇಲ್ಲದ ಸಾಧಾರಣ ಸ್ಪ್ರೇ ಡಬ್ಬಿಯ ಕ್ಲಿಯರ್ ಹೊಡೆದಿರುವ ಜಾಗದ ಪಾಡು ಬೇರೆ. ಅದು ಒಣಗಿದಂತೆ ಕಂಡರೂ ಪೆಟ್ರೋಲ್ ತಾಗಿದೊಡನೆ ಮೆತ್ತಗಾಗಿ ಸುಕ್ಕುಗಟ್ಟಬಹುದು. ಮುಚ್ಚಳದ ಸುತ್ತ ಮರುಬಣ್ಣ ಮಾಡಿಸುವವರು ಹಾರ್ಡ್‌ನರ್ ಬೆರೆಸುವ ಟೂಕೆ (2K) ಕ್ಲಿಯರ್ ಅನ್ನೇ ಕೇಳಿ ಹೊಡೆಸಬೇಕು. ಅದರಲ್ಲಿ ಉಸಿರಾಟಕ್ಕೆ ಹಾನಿಕರವಾದ ಐಸೊಸೈನೇಟ್ ಎಂಬ ರಾಸಾಯನಿಕ ಇರುವುದರಿಂದ ತಕ್ಕ ಉಸಿರಾಟದ ರಕ್ಷಣೆಯಿಲ್ಲದೆ ಯಾರೂ ಅದನ್ನು ಸ್ವತಃ ಸಿಂಪಡಿಸಬಾರದು.

ಫಿಲ್ಮ್‌ಗೆ ಮೊದಲು ನಾನು ಅವಲಂಬಿಸಿದ್ದು ವ್ಯಾಕ್ಸ್ ಅನ್ನು. ಪೆಟ್ರೋಲ್ ವ್ಯಾಕ್ಸನ್ನೇ ಕರಗಿಸಿಬಿಡುತ್ತದೆ. ಬಣ್ಣದ ಮೇಲೆ ದ್ರವವಾಗಿ ಹಚ್ಚಿ ಗಟ್ಟಿಯಾಗುವ ಸೆರಾಮಿಕ್ ಕೋಟಿಂಗ್ ಅದಕ್ಕಿಂತ ಮೇಲು, ಕಲೆಯನ್ನು ತೊಳೆಯುವುದು ಸುಲಭವಾಗುತ್ತದೆ. ಆದರೂ ಅದು ಬಹಳ ತೆಳುವಾದ ಪದರ. 150ರಿಂದ 200 ಮೈಕ್ರಾನ್ ದಪ್ಪದ ಫಿಲ್ಮ್ ಬಣ್ಣಕ್ಕೂ ಪೆಟ್ರೋಲಿಗೂ ನಡುವೆ ನಿಲ್ಲುವುದಲ್ಲದೆ, ಕೆಟ್ಟಾಗ ಕಿತ್ತು ಬದಲಿಸಲೂ ಬರುತ್ತದೆ.

ಮೊದಲ ಬಾರಿ ಅಂಟಿಸಿದವರು ಹಾಳೆಯನ್ನು ಮುಚ್ಚಳದ ಅಂಚಿಗೆ ಸರಿಯಾಗಿ ಕತ್ತರಿಸಿ ನಿಲ್ಲಿಸಿದ್ದರು. ಹನಿ ಬೀಳುವುದು ಅಲ್ಲಿಯೇ. ಪೆಟ್ರೋಲ್ ಅಡಿಗೆ ನುಸುಳಿ ಅಂಟನ್ನು ಸಡಿಲಗೊಳಿಸಿತು, ಎದ್ದ ಅಂಚಿಗೆ ಧೂಳು ಮೆತ್ತಿಕೊಂಡು ಕಪ್ಪು ಗೆರೆ ಮೂಡಿತು, ಹಾಳೆಯ ಉಳಿದ ಭಾಗವೆಲ್ಲ ಚೆನ್ನಾಗಿದ್ದರೂ ಅದನ್ನು ತೆಗೆಯಲೇಬೇಕಾಯಿತು. ಸಮಾಧಾನದ ಸಂಗತಿಯೆಂದರೆ, ಕೆಳಗಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. ಎರಡನೆಯ ಬಾರಿ ಮೇಲಂಚನ್ನು ಮುಚ್ಚಳದ ಒಳಗುಳಿಗೆ (ಮುಚ್ಚಳ ತೆರೆದಾಗ ಕಾಣುವ ತಗ್ಗಿಗೆ) ಮಡಿಸಿ ಅಂಟಿಸಲು ಹೇಳಿದೆ. ಆ ಹಾಳೆ ಇಂದಿಗೂ ಗಟ್ಟಿಯಾಗಿ ಕೂತಿದೆ, ಓರೆಯಾಗಿ ನೋಡಿದರೆ ಮಾತ್ರ ತುಸು ಹಳದಿ ಛಾಯೆ ಕಾಣುತ್ತದೆ.

ಫಿಲ್ಮ್ ಇದೆಯೆಂದು ಪೆಟ್ರೋಲನ್ನು ಹಾಗೆಯೇ ಆರಲು ಬಿಡುವುದು ಸರಿಯಲ್ಲ. ಒಣ ಬಟ್ಟೆಯಿಂದ ಉಜ್ಜಿದರೆ ಅಲ್ಲಿರುವ ಧೂಳೇ ಗೀರು ಹಾಕುವುದರಿಂದ, ಮೊದಲು ಧಾರಾಳವಾಗಿ ನೀರು ಹಾಕಿ, ನಂತರ ಕಾರ್ ಶಾಂಪೂ ಮತ್ತು ಮೈಕ್ರೋಫೈಬರ್ ಬಟ್ಟೆ ಬಳಸಬೇಕು. ಡೀಸೆಲ್ ತಾನಾಗಿ ಬೇಗ ಆರುವುದಿಲ್ಲ, ಎಣ್ಣೆಯಂತೆ ಹರಡಿ ಧೂಳು ಹಿಡಿಯುತ್ತದೆ, ಆದ್ದರಿಂದ ಅದಕ್ಕೆ ಶಾಂಪೂ ಅನಿವಾರ್ಯ. ಒಳಗುಳಿಯ ತಳದಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರವಿದ್ದರೆ ಅದು ಮಣ್ಣಿನಿಂದ ಮುಚ್ಚಿದೆಯೇ ಎಂದೂ ನೋಡಬೇಕು. ಮುಚ್ಚಿದ್ದರೆ ಚೆಲ್ಲಿದ ಇಂಧನ ಅಂಚಿನ ಮೇಲೆಯೇ ಹರಿಯುತ್ತದೆ. ನಾಜಲ್ ತಾನಾಗಿ ನಿಂತ ಮೇಲೆ ಮತ್ತೆ ಒತ್ತಿ ತುಂಬಿಸದಿರುವುದು ಇವೆಲ್ಲಕ್ಕಿಂತ ಹೆಚ್ಚು ಉಪಕಾರಿ.

ಹೊಸದಾಗಿ ಬಣ್ಣ ಹೊಡೆಸಿದವರು ಅದು ಪೂರ್ಣವಾಗಿ ಗಟ್ಟಿಯಾಗುವವರೆಗೆ ಫಿಲ್ಮ್ ಅಂಟಿಸಬಾರದು. ಎಷ್ಟು ದಿನ ಕಾಯಬೇಕೆಂಬುದನ್ನು ಬಣ್ಣ ಹೊಡೆದವರಿಂದಲೇ ಕೇಳಿಕೊಳ್ಳುವುದು ಒಳ್ಳೆಯದು.