ಹಳೆಯ ಫ್ಯಾಟ್ ಬೈಕ್: ವರ್ಷಗಟ್ಟಲೆ ತುಳಿದ ಮೇಲೆ ಉಳಿಯುವುದೇನು, ಸವೆಯುವುದೇನು

ರೇಟಿಂಗ್: ಮರಳು, ಕೆಸರಿನ ದಾರಿಗೆ 5ಕ್ಕೆ 4. ಡಾಂಬರು ರಸ್ತೆಯಲ್ಲಿ ಆಫೀಸಿಗೆ ಹೋಗಿಬರಲು 5ಕ್ಕೆ ಒಂದೂವರೆ.

ಫ್ಯಾಟ್ ಬೈಕ್ ಎಂದರೆ ತೀರಾ ದಪ್ಪ ಟೈರಿನ ಸೈಕಲ್. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್‌ಗೆ ಬರುವ ಫ್ಯಾಟ್ ಬೈಕ್‌ಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಸ್ಟೀಲ್ ಫ್ರೇಮು, 26×4.0 ಟೈರು (26 ಇಂಚಿನ ಚಕ್ರ, 4 ಇಂಚು ದಪ್ಪ), ಹಿಂದೆ 7 ಗೇರಿನ ಫ್ರೀವೀಲ್ (ಹಬ್ಬಿಗೆ ತಿರುಗಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು), ಕೇಬಲ್ ಡಿಸ್ಕ್ ಬ್ರೇಕು, ಹತ್ತಿರಹತ್ತಿರ 18ರಿಂದ 20 ಕೆ.ಜಿ. ತೂಕ. ಫ್ರೇಮು ಅಷ್ಟು ಬೇಗ ಕೈಕೊಡುವುದಿಲ್ಲ, ಬಣ್ಣ ಹೋಗಿದ್ದರೂ ಚಿಂತೆಯಿಲ್ಲ. ದುಡ್ಡು ಹೋಗುವುದು ಟೈರಿಗೆ ಮತ್ತು ಹಿಂದಿನ ಹಬ್ಬಿಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ.

ಮೊದಲು ಹಿಂದಿನ ಚಕ್ರ ಎತ್ತಿ ತಿರುಗಿಸಿ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗು ಫ್ರೇಮಿನಿಂದ ದೂರ, ಒಳಗೆ ಕೂತಿರುತ್ತದೆ. ಅದರಿಂದಾಚೆ ಫ್ರೀವೀಲ್ ಇರುವಷ್ಟೂ ಉದ್ದಕ್ಕೆ ಅಚ್ಚಿಗೆ ಆಸರೆಯೇ ಇಲ್ಲ. ಸವಾರ ದಪ್ಪಗಿದ್ದರೆ, ಹಂಪ್ ಹಾರಿಸುವ ಹುಡುಗರ ಕೈಗೆ ಸಿಕ್ಕಿದ್ದರೆ, ಅದು ಅಲ್ಲೇ ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ಚಕ್ರ ಬಿಚ್ಚಿ ಅಚ್ಚನ್ನು ಬೆರಳಲ್ಲಿ ತಿರುಗಿಸಿದಾಗ ತುದಿ ಓಲಾಡಿದರೆ ಬಾಗಿದೆ ಎಂದೇ ಅರ್ಥ. ಫ್ರೀವೀಲ್ ಮಾತ್ರ ಸ್ವಲ್ಪ ಓಲಾಡಿದರೆ ಹೆದರಬೇಡಿ, ಅಗ್ಗದ್ದರಲ್ಲಿ ಅದು ಹೊಸದರಲ್ಲೂ ಇರುತ್ತದೆ. ಅಚ್ಚು ಬದಲಿಸುವುದು ಸಣ್ಣ ಕೆಲಸ, ಆದರೆ ಫ್ಯಾಟ್ ಬೈಕಿನ ಅಚ್ಚು ಮಾಮೂಲಿಗಿಂತ ಉದ್ದ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಆಮೇಲೆ ಟ್ಯೂಬಿನ ವಾಲ್ವ್ ನೋಡಿ. ಓರೆಯಾಗಿ ನಿಂತಿದ್ದರೆ ಗಾಳಿ ತೀರಾ ಕಮ್ಮಿ ಇಟ್ಟು ಓಡಿಸಿದ್ದಾರೆ, ಟೈರು ರಿಮ್ಮಿನ ಮೇಲೆ ಜಾರಿದೆ. ಆ ಟ್ಯೂಬು ವಾಲ್ವಿನ ಬುಡದಲ್ಲೇ ಹರಿಯುತ್ತದೆ, ಅಲ್ಲಿಗೆ ಪ್ಯಾಚ್ ನಿಲ್ಲುವುದಿಲ್ಲ. ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ ಟೈರಿನ ಬಲಗಡೆಯ ಗೋಡೆಯನ್ನೂ ನೋಡಿ. ಚೈನು ತಗುಲಿದ ಕಪ್ಪು ಗೆರೆ ಇದ್ದರೆ ಚಕ್ರ ಓರೆಯಾಗಿ ಕೂತಿರಬಹುದು, ಇಲ್ಲವೇ ಯಾರೋ ತಪ್ಪು ಅಳತೆಯ ಬಾಟಮ್ ಬ್ರಾಕೆಟ್ (ಪೆಡಲಿನ ಕ್ರ್ಯಾಂಕ್ ತಿರುಗುವ ಅಚ್ಚು-ಬೇರಿಂಗು) ಹಾಕಿರಬಹುದು.

ಗಾಳಿಯ ಲೆಕ್ಕ ಇದರಲ್ಲಿ ಬೇರೆಯೇ. 75 ಕೆ.ಜಿ. ಸವಾರನಿಗೆ ಡಾಂಬರಿನಲ್ಲಿ 15ರಿಂದ 20 ಪಿ.ಎಸ್.ಐ., ಮಣ್ಣಿನ ದಾರಿಯಲ್ಲಿ 10–12, ಕಡಲ ತಡಿಯ ಸಡಿಲ ಮರಳಿನಲ್ಲಿ 6–8. ಮರಳಿಗಿಟ್ಟ ಗಾಳಿಯಲ್ಲೇ ರಸ್ತೆಗೆ ಬಂದರೆ ಹ್ಯಾಂಡಲ್ ತಾನಾಗಿ ಒಂದು ಕಡೆ ಎಳೆಯುತ್ತದೆ, ಹೊಸಬರು ಫೋರ್ಕ್ ಬೆಂಡಾಗಿದೆ ಅಂದುಕೊಳ್ಳುತ್ತಾರೆ. ಪೆಟ್ರೋಲ್ ಬಂಕಿನ ಗಾಳಿಯನ್ನು ನಂಬಬೇಡಿ, ಅಲ್ಲಿನ ಮೀಟರಿಗೆ ಇಷ್ಟು ಕಮ್ಮಿ ಒತ್ತಡ ಸರಿಯಾಗಿ ಹತ್ತುವುದಿಲ್ಲ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಗೇಜ್ ಒಂದು ಇರಲಿ. 4.0 ಟ್ಯೂಬು ಸಣ್ಣ ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ. ತುರ್ತಿಗೆ 26×2.5 ಟ್ಯೂಬು ಹಾಕಿ ಮನೆ ಸೇರಬಹುದು, ಆದರೆ ಹಿಗ್ಗಿ ತೆಳುವಾಗುವುದರಿಂದ ಅದನ್ನೇ ಇಟ್ಟುಕೊಳ್ಳಬಾರದು.

ಮಲ್ಪೆ, ಪಣಂಬೂರು, ಕಾರವಾರದ ಕಡೆಯ ಸೈಕಲ್ ಆದರೆ ಇನ್ನೊಂದು ತಪಾಸಣೆ. ಸೀಟಿನ ಕಂಬ ಹೊರಗೆಳೆದು ನೋಡಿ. ಅದು ಬರಲೇ ಇಲ್ಲವೆಂದರೆ, ಬಂದ ಕಂಬಕ್ಕೆ ಕೆಂಪು ಪುಡಿ ಅಂಟಿದ್ದರೆ, ಫ್ರೇಮಿನ ಒಳಗೆ ತುಕ್ಕು ಹತ್ತಿದೆ, ಬಿಟ್ಟುಬಿಡಿ. ಉಪ್ಪುನೀರು ಹೊಕ್ಕ ಹಬ್ಬನ್ನು ಬಿಚ್ಚಿ, ಬೇರಿಂಗಿನ ಗುಂಡು ಬದಲಿಸಿ, ಹೊಸ ಗ್ರೀಸ್ ತುಂಬಬೇಕು. ಹಿಂದಿನದಕ್ಕೆ ಸಾಮಾನ್ಯವಾಗಿ ಕಾಲಿಂಚಿನ ಗುಂಡು, ಒಂದೊಂದು ಕಡೆಗೆ 9. ಗುಂಡುಗಳನ್ನು ಒತ್ತಿ ಹಿಡಿಯುವ ಕೋನಿನ ಮೇಲೆ ಗುಳಿ ಬಿದ್ದಿದ್ದರೆ ಗ್ರೀಸ್ ಹಾಕಿ ಪ್ರಯೋಜನವಿಲ್ಲ, ಕೋನೇ ಬದಲಾಗಬೇಕು. ತೊಳೆಯಲು ಬಕೆಟ್ಟು, ಬಟ್ಟೆ ಸಾಕು. ವಾಟರ್ ಸರ್ವಿಸ್‌ನ ಪೈಪು ಬೇಡ.

ಕ್ರ್ಯಾಂಕ್ ಅಲ್ಲಾಡುತ್ತಿದ್ದರೆ ನಟ್ಟು ಬಿಗಿದು ಒಂದೆರಡು ಕಿ.ಮೀ. ತುಳಿದು ನೋಡಿ. ಮತ್ತೆ ಸಡಿಲವಾದರೆ ಕ್ರ್ಯಾಂಕ್ ಅಚ್ಚಿಗೆ ಕೂರುವ ಚೌಕ ತೂತು ಸವೆದಿದೆ. ಮೊಣಕಾಲು ನೋವಿರುವವರು ಇನ್ನೊಂದು ಮಾತು ತಿಳಿದಿರಬೇಕು: ದಪ್ಪ ಟೈರಿಗೆ ಜಾಗ ಬೇಕಾದ್ದರಿಂದ ಪೆಡಲುಗಳು ದೂರದೂರ ಇರುತ್ತವೆ, ಇದಕ್ಕೆ ರಿಪೇರಿ ಇಲ್ಲ.

ಅಮೆರಿಕದಿಂದ ಮರಳಿದವರು ತಂದು ಮಾರುವ ಹಳೆಯ ಮಾಡೆಲ್‌ಗಳದ್ದು ಬೇರೆ ಕಥೆ. 2005ರಲ್ಲಿ ಬಂದ ಸರ್ಲಿ ಕಂಪನಿಯ ಪಗ್ಸ್ಲಿ ಎಂಬ ಫ್ಯಾಟ್ ಬೈಕಿನ ಹಿಂದಿನ ಹಬ್ಬಿನ ಅಗಲ 135 ಮಿ.ಮೀ., ಅಂದರೆ ಮಾಮೂಲಿ ಮೌಂಟನ್ ಬೈಕಿನದೇ, ಇವತ್ತೂ ಸಿಗುತ್ತದೆ. ಫ್ರೇಮಿನ ಹಿಂಭಾಗ 17.5 ಮಿ.ಮೀ. ಪಕ್ಕಕ್ಕೆ ಸರಿದಿರುವುದರಿಂದ ಕಡ್ಡಿ ಕಟ್ಟುವವರಿಗೆ ಅದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ರಿಮ್ಮನ್ನು ಹಬ್ಬಿನ ನಡುವಿಗೆ ತಂದು ಕೆಲಸ ಕೆಡಿಸುತ್ತಾರೆ. ತಾಪತ್ರಯ ಇರುವುದು ಆಮೇಲಿನ 170 ಮಿ.ಮೀ. ಹಬ್ಬಿನವುಗಳಲ್ಲಿ. ಮಾರುಕಟ್ಟೆ 197ಕ್ಕೆ ಹೋಗಿಬಿಟ್ಟಿದೆ, ಬಿಡಿಭಾಗ ಹುಡುಕಾಡಬೇಕು. ರಾಕ್‌ಶಾಕ್ಸ್ ಬ್ಲೂಟೊ ಎಂಬ ಸಸ್ಪೆನ್ಷನ್ ಫೋರ್ಕ್ ಹಾಕುವ ಆಸೆಯಿದ್ದರೆ ಅದಕ್ಕೆ 150×15 ಮಿ.ಮೀ. (ಅಗಲ×ಅಚ್ಚಿನ ದಪ್ಪ) ಹಬ್ ಬೇಕು; 135ರ ಮುಂದಿನ ಚಕ್ರ ಕೂರುವುದಿಲ್ಲ.

ಚೌಕಾಸಿಗೆ ಕೂರುವ ಮುಂಚೆ ನಿಮ್ಮೂರಿನ ಅಂಗಡಿಯಲ್ಲಿ ಎರಡು ಟೈರು, ಎರಡು ಟ್ಯೂಬು, ಒಂದು ಫ್ರೀವೀಲಿನ ಬೆಲೆ ಕೇಳಿಕೊಳ್ಳಿ. ಅದೇ ಮಾಡೆಲ್ಲಿನ ಹೊಸ ಸೈಕಲ್ಲಿನ ಅರ್ಧ ಬೆಲೆಯಲ್ಲಿ ಅಷ್ಟನ್ನೂ ಕಳೆದು ಉಳಿದದ್ದನ್ನು ಹೇಳಿ; ಟೈರಿನ ಗುಬ್ಬಿಗಳು ಇನ್ನೂ ಚೂಪಾಗಿದ್ದರೆ ಮಾತ್ರ ಅದಕ್ಕಿಂತ ಮೇಲೆ ಹೋಗಿ.