ಮೂರು ಪೆಡಲಿಲ್ಲದ ಸೈಕಲ್ಲು, ಒಂದು ಜೊತೆ ಗಿಡ್ಡ ಕಾಲು

ಮಗಳನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಎರಡೂ ಕಾಲಿನ ನಡುವೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಬಿಟ್ಟೆ: 33 ಸೆಂಟಿಮೀಟರ್. ಸೈಕಲ್ ಕೊಳ್ಳುವ ಮೊದಲು ಮಾಡಬೇಕಿದ್ದ ಕೆಲಸ ಇದು. ನಾನು ಮಾಡಿದ್ದು ಕೊಂಡು ಹದಿನೈದು ದಿನವಾದ ಮೇಲೆ. ಅಷ್ಟರಲ್ಲಿ, ಸೀಟನ್ನು ಎಷ್ಟು ಇಳಿಸಿದರೂ 36 ಸೆಂಟಿಮೀಟರಿಗಿಂತ ಕೆಳಗೆ ಬಾರದ ಮರದ ಬ್ಯಾಲೆನ್ಸ್ ಬೈಕಿನ (ಪೆಡಲಿಲ್ಲದ, ಕಾಲಲ್ಲಿ ನೆಲ ಒದ್ದು ಓಡಿಸುವ ಪುಟ್ಟ ಸೈಕಲ್ಲಿನ) ಮೇಲೆ ಎರಡು ವರ್ಷದ ಹುಡುಗಿ ತುದಿಗಾಲಲ್ಲಿ ತೂಗಾಡಿ, ಅತ್ತು, ‘ಇಳ್ಸು’ ಅನ್ನುವುದೇ ಆ ಸೈಕಲ್ಲಿನ ಹೆಸರು ಅಂದುಕೊಂಡಿದ್ದಳು.

ಆಮೇಲಿನ ಎರಡು ವರ್ಷದಲ್ಲಿ ನಮ್ಮಲ್ಲಿ ಇನ್ನೂ ಎರಡು ಬಂದವು. ಗೆಳೆಯರೊಬ್ಬರ ಮಗು ದೊಡ್ಡದಾಗಿದ್ದರಿಂದ ಬಿಡುವಾಗಿದ್ದ ಉಕ್ಕಿನ ಫ್ರೇಮಿನದು, ಫೋಮ್ ಟೈರಿನದು. ಮತ್ತೆ ನಾವೇ ಕೊಂಡ ಅಲ್ಯೂಮಿನಿಯಮ್ಮಿನದು, ಗಾಳಿ ಟೈರು, ಹಿಂದಿನ ಚಕ್ರಕ್ಕೆ ಕೈಬ್ರೇಕು. ಮೂರಕ್ಕೂ 12 ಇಂಚಿನ ಚಕ್ರ. ಇವುಗಳ ಜೊತೆಗೆ, ಅಣ್ಣನ ಮಗ ಬಿಟ್ಟುಹೋದ 12 ಇಂಚಿನ ಸೈಡ್ ವೀಲ್ ಸೈಕಲ್ಲಿನ ಪೆಡಲ್ ಬಿಚ್ಚಿ ಅದನ್ನೂ ಸ್ಪರ್ಧೆಗೆ ಇಳಿಸಿದ್ದೆ. ಹಾಗಾಗಿ ಲೆಕ್ಕಕ್ಕೆ ಮೂರೂವರೆ.

ಮೊದಲು ತೂಕ. ತೂಕದ ಯಂತ್ರದ ಮೇಲೆ ಸೈಕಲ್ ಎತ್ತಿ ಹಿಡಿದು ನಿಂತೆ, ಬರಿಗೈಲಿ ನಿಂತೆ, ಕಳೆದೆ. ಫೋಮ್ ಟೈರಿನದು 3 ಕಿಲೋ. ಗಾಳಿ ಟೈರಿನದು 3.9. ಮರದ್ದು 4.1. ಪೆಡಲ್ ಬಿಚ್ಚಿದ್ದು, ಸೈಡ್ ವೀಲನ್ನೂ ತೆಗೆದ ಮೇಲೆ, 7.4. ಆಗ ಮಗಳ ತೂಕ ಹನ್ನೊಂದೂವರೆ ಕಿಲೋ. ಈ ಅಂಕಿಗಳು ದೊಡ್ಡವರ ಕಿವಿಗೆ ಏನೂ ಅನ್ನಿಸುವುದಿಲ್ಲ, ಎಲ್ಲವನ್ನೂ ಒಂದೇ ಕೈಲಿ ಎತ್ತಬಹುದಲ್ಲ! ಆದರೆ ಅದೇ ಪ್ರಮಾಣವನ್ನು ಎಪ್ಪತ್ತು ಕಿಲೋ ತೂಗುವ ನನಗೆ ಹಚ್ಚಿ ನೋಡಿದೆ. ಫೋಮ್ ಟೈರಿನದು ನನಗೆ 18 ಕಿಲೋ ಸೈಕಲ್ ಆದಂತೆ, ಸರಿ, ಹೇಗೋ ನಿಭಾಯಿಸುತ್ತೇನೆ. ಪೆಡಲ್ ಬಿಚ್ಚಿದ್ದು 45 ಕಿಲೋ ಆದಂತೆ. ಅದು ಒಂದು ಕಡೆ ವಾಲಿದರೆ ನಾನೂ ಜೊತೆಗೇ ಮಲಗುತ್ತೇನೆ. ಮಗುವಿನ ತೂಕದ ಮೂರನೇ ಒಂದು ಭಾಗ ದಾಟಬಾರದು ಅನ್ನುವ ಮಾತು ಸೈಕಲ್ ತಿಳಿದವರಲ್ಲಿದೆ. ಮಗಳು ಬಿದ್ದ ಸೈಕಲ್ಲನ್ನು ತಾನೇ ಎತ್ತಿಕೊಳ್ಳುತ್ತಾಳೋ, ನಮ್ಮ ಕಡೆ ನೋಡುತ್ತಾಳೋ ಅನ್ನುವುದರಲ್ಲಿ ಆ ಗೆರೆ ಕಣ್ಣಿಗೇ ಕಾಣುತ್ತಿತ್ತು. ಫೋಮಿನದನ್ನು ಎತ್ತಿಕೊಂಡು ಹೊರಡುತ್ತಿದ್ದಳು. ಮರದ್ದು ಬಿದ್ದರೆ ಬಿತ್ತು.

ಪೆಡಲ್ ಬಿಚ್ಚಿದ ಸೈಕಲ್ಲಿನ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಎಡಗಡೆಯ ಪೆಡಲ್ಲಿನ ತಿರುಪು ಉಲ್ಟಾ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಮರೆತು, ಇಪ್ಪತ್ತು ನಿಮಿಷ ಬೆವರು ಸುರಿಸಿ ಅದನ್ನು ಇನ್ನೂ ಬಿಗಿ ಮಾಡಿದೆ. ಬಿಚ್ಚಿದ ಮೇಲೂ ಪೆಡಲ್ ಕೂರುವ ಕ್ರ್ಯಾಂಕಿನ ಕಬ್ಬಿಣದ ತೋಳುಗಳು ಉಳಿದವು. ನಡೆಯುವಾಗ ಅವು ತಿರುಗಿ ಮೀನಖಂಡಕ್ಕೆ ಬಡಿಯುತ್ತಿದ್ದವು. ಸೀಟು ಎತ್ತರ, ಚೈನ್ ಕವರ್ ಅಗಲ, ಕಾಲು ಹರಡಿಕೊಂಡು ಬಾತುಕೋಳಿಯ ಹಾಗೆ ನಡೆಯಬೇಕು. ಮೂರು ದಿನಕ್ಕೆ ಕೈಬಿಟ್ಟೆವು. ಹಾಗಂತ ಇದು ಕೆಟ್ಟ ಉಪಾಯವಲ್ಲ. ನಾಲ್ಕೈದು ವರ್ಷದ ಮಗು, ಎರಡೂ ಪಾದ ನೆಲಕ್ಕೆ ಊರುವಂಥ ಸೈಕಲ್ ಮನೆಯಲ್ಲೇ ಇದೆ ಅಂದರೆ, ಪೆಡಲ್ ಬಿಚ್ಚಿ ನಾಲ್ಕು ದಿನ ಓಡಿಸಿ, ಮತ್ತೆ ಹಾಕುವುದೇ ಜಾಣತನ. ಎರಡು ವರ್ಷದ ಕೂಸಿಗೆ ಇದು ಹೊಂದುವುದಿಲ್ಲ, ಅಷ್ಟೆ.

ಸೈಡ್ ವೀಲ್ ಹಾಗೇ ಇರಲಿ, ಅದರಲ್ಲೇ ಕಲಿಯಲಿ ಅಂದವರೂ ಇದ್ದರು. ನಾವೆಲ್ಲ ಹಾಗೇ ಕಲಿತದ್ದು ನಿಜ, ಅಥವಾ ಅದು ಕಳಚಿದ ದಿನ ಬಿದ್ದು ಕಲಿತದ್ದು. ಎರಡು ಚಕ್ರದ ಗುಟ್ಟು ಇಷ್ಟೇ: ಸೈಕಲ್ ಎಡಕ್ಕೆ ಬೀಳತೊಡಗಿದರೆ ಹ್ಯಾಂಡಲ್ಲನ್ನೂ ಎಡಕ್ಕೇ ತಿರುಗಿಸಬೇಕು, ಆಗ ಚಕ್ರಗಳು ಮೈಯ ಅಡಿಗೆ ಬಂದು ನಿಲ್ಲುತ್ತವೆ. ಸೈಡ್ ವೀಲ್ ಇರುವಾಗ ಸೈಕಲ್ ವಾಲುವುದೇ ಇಲ್ಲ, ಹಾಗಾಗಿ ಈ ಪಾಠಕ್ಕೆ ಜಾಗವೇ ಇಲ್ಲ. ಮಗು ಕಲಿಯುವುದು ಪೆಡಲ್ ತುಳಿಯುವುದನ್ನು ಮಾತ್ರ. ಪೆಡಲ್ ತುಳಿಯುವುದು ಸುಲಭದ ಭಾಗ, ಅದು ಆಮೇಲೂ ಬರುತ್ತದೆ. ಚರಿತ್ರೆಯೂ ಇದೇ ಕ್ರಮದಲ್ಲಿ ಸಾಗಿದ್ದು ನನಗೆ ತಮಾಷೆ ಅನ್ನಿಸುತ್ತದೆ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ ಮರದ ಗಾಡಿಗೆ ಪೆಡಲ್ ಇರಲಿಲ್ಲ, ನೆಲವನ್ನು ಕಾಲಲ್ಲಿ ಒದ್ದು ಹೋಗಬೇಕಿತ್ತು. ಮುಂದಿನ ಚಕ್ರಕ್ಕೆ ಪೆಡಲ್ ಹಚ್ಚಿದ ಸೈಕಲ್ಲುಗಳು ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದು 1860ರ ದಶಕದಲ್ಲಿ. ಮೀಸೆ ಹೊತ್ತ ಗಂಡಸರ ಬ್ಯಾಲೆನ್ಸ್ ಬೈಕಿಗೆ ಪೆಡಲ್ ಬರಲು ಸುಮಾರು ಅರ್ಧ ಶತಮಾನ ಹಿಡಿಯಿತು.

ಮರದ್ದಕ್ಕೆ ಬರುತ್ತೇನೆ. ಅಂದಕ್ಕೆ ಮರುಳಾಗಿ ತಂದದ್ದು, ಒಪ್ಪಿಕೊಳ್ಳುತ್ತೇನೆ. ಬರ್ಚ್ ಪ್ಲೈವುಡ್, ಉರುಟು ಅಂಚು, ಮೈಯೆಲ್ಲ ನುಣುಪು. ಹಜಾರದಲ್ಲಿ ನಿಲ್ಲಿಸಿದರೆ ಪೀಠೋಪಕರಣದ ಹಾಗೆ ಕಾಣುತ್ತಿತ್ತು. ಸೀಟು ಏರಿಸಿ ಇಳಿಸಲು ಮೂರೇ ಮೂರು ತೂತು. ಲೋಹದ ಸೈಕಲ್ಲಿನಲ್ಲಿ ಸೀಟಿನ ಕಂಬವನ್ನು ಅರ್ಧ ಸೆಂಟಿಮೀಟರೂ ಏರಿಸಬಹುದು. ಇಲ್ಲಿ ಒಂದು ತೂತಿನಿಂದ ಇನ್ನೊಂದಕ್ಕೆ ಮೂರು ಸೆಂಟಿಮೀಟರ್ ಜಿಗಿತ. ಮಗುವಿನ ಕಾಲು ಹಾಗೆ ತೂತು ನೋಡಿ ಬೆಳೆಯುವುದಿಲ್ಲ. ಹೊರಗೆ ಒಂದು ರಾತ್ರಿ ಮರೆತು ಮಳೆಯಲ್ಲಿ ನೆನೆದ ಮೇಲೆ ಹ್ಯಾಂಡಲ್ಲಿನ ಬಳಿ ಪದರ ಉಬ್ಬಿತು. ಅದು ನನ್ನ ತಪ್ಪೇ, ಆದರೆ ಮಕ್ಕಳಿರುವ ಮನೆಯಲ್ಲಿ ಸೈಕಲ್ಲನ್ನು ಹೊರಗೆ ಮರೆಯದವರು ಯಾರು? ಹ್ಯಾಂಡಲ್ ಒಂದು ಮಿತಿಗಿಂತ ಹೆಚ್ಚು ತಿರುಗದಂತೆ ತಡೆಯೂ ಇತ್ತು. ಮುಂದಿನ ಚಕ್ರ ಅಡ್ಡ ತಿರುಗಿ ಬೀಳದಿರಲಿ ಅಂತ. ಮೊದಲ ವಾರ ಅದರಿಂದ ಧೈರ್ಯ ಬಂದದ್ದು ಹೌದು, ನನಗೆ. ಆಮೇಲೆ ಅವಳು ಮೂಲೆಗೆ ಹೋಗಿ ಸಿಕ್ಕಿಕೊಂಡಾಗಲೆಲ್ಲ ಇಳಿದು, ಮುಂದಿನ ಚಕ್ರ ಎತ್ತಿ ತಿರುಗಿಸಿ, ಮತ್ತೆ ಹತ್ತಬೇಕಾಯಿತು. ತಡೆ ಇಲ್ಲದ ಫೋಮಿನದು ಅಂಗೈಯಗಲದ ಜಾಗದಲ್ಲಿ ತಿರುಗುತ್ತಿತ್ತು. ತಡೆ ಇಲ್ಲದಿದ್ದರೆ ಹ್ಯಾಂಡಲ್ಲಿನ ತುದಿಗೆ ದಪ್ಪ ರಬ್ಬರ್ ಗುಬುಟು ಇದೆಯೇ ಅಂತ ನೋಡಿಕೊಳ್ಳಿ, ಬಿದ್ದಾಗ ಹೊಟ್ಟೆಗೆ ಚುಚ್ಚುವುದು ಅದೇ ತುದಿ.

ಫೋಮಿನದರ ಸೀಟು 28 ಸೆಂಟಿಮೀಟರಿನವರೆಗೆ ಇಳಿಯುತ್ತಿತ್ತು. ಅವಳ ಕಾಲಳತೆಗಿಂತ ಮೂರು ಸೆಂಟಿಮೀಟರ್ ಕಡಿಮೆ ಇಟ್ಟು, ಅಂದರೆ 30ಕ್ಕೆ, ಬಿಗಿ ಮಾಡಿದೆ. ಪಾದ ಪೂರ್ತಿ ಊರಿತು, ಮೊಣಕಾಲು ಸ್ವಲ್ಪ ಬಾಗಿತು. ಅವತ್ತು ಅಳಲಿಲ್ಲ. ಮೊದಲ ವಾರ ಸೀಟಿನ ಮೇಲೆ ಕೂರಲೂ ಇಲ್ಲ. ಎರಡು ಕಾಲಿನ ನಡುವೆ ಸೈಕಲ್ ಇಟ್ಟುಕೊಂಡು, ಮೇಕೆಮರಿಯನ್ನು ಎಳೆದೊಯ್ಯುವವಳ ಹಾಗೆ ನಡೆದಳು. ಹತ್ತನೇ ದಿನ ಕೂತಳು. ತಿಂಗಳಿಗೆ ದಾಪುಗಾಲು. ಎರಡನೇ ತಿಂಗಳ ಕೊನೆಗೆ ಒಂದು ಸಣ್ಣ ಇಳಿಜಾರಿನಲ್ಲಿ ಎರಡೂ ಕಾಲು ಎತ್ತಿದಳು; ನಾನು ಮನಸ್ಸಿನಲ್ಲೇ ಎಣಿಸಿದೆ, ಎರಡು ಸೆಕೆಂಡ್ ಮುಗಿಯುವಷ್ಟರಲ್ಲಿ ಇಳಿಸಿದಳು. ಈ ಇಡೀ ಅವಧಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಒಂದೇ, ಸೀಟನ್ನಾಗಲಿ ಹ್ಯಾಂಡಲ್ಲನ್ನಾಗಲಿ ಹಿಡಿಯದೆ ಇದ್ದದ್ದು. ಹಿಡಿದರೆ ಬೀಳುವುದನ್ನು ತಡೆಯುವವರು ನಾವಾಗುತ್ತೇವೆ, ಅವಳ ಕೈಗೆ ಕೆಲಸ ಇರುವುದಿಲ್ಲ.

ಫೋಮ್ ಟೈರಿನ ಸುಖ ದೊಡ್ಡದು. ಪಂಕ್ಚರ್ ಇಲ್ಲ, ಪಂಪ್ ಇಲ್ಲ, ಹಗುರ. ಆದರೆ ಜಲ್ಲಿ ಹಾಸಿದ ದಾರಿಯಲ್ಲಿ ಅದಕ್ಕೆ ಮೆತ್ತೆಯ ಗುಣವೇ ಇಲ್ಲ; ಹ್ಯಾಂಡಲ್ ಹಿಡಿದ ಪುಟ್ಟ ಮುಂಗೈ ನಡುಗುವುದು ದೂರದಿಂದಲೇ ಕಾಣುತ್ತಿತ್ತು. ಒದ್ದೆ ಟೈಲ್ಸ್ ಮೇಲೆ ಇನ್ನೂ ಕಷ್ಟ. ಒಂದು ಸಂಜೆ ತಿರುವಿನಲ್ಲಿ ಮುಂದಿನ ಚಕ್ರ ಸರ್ರನೆ ಜಾರಿ, ಮಗಳ ತುಟಿ ಒಡೆಯಿತು. (ಹೆಲ್ಮೆಟ್ ಇತ್ತು, ಹೆಲ್ಮೆಟ್ ತುಟಿ ಕಾಯುವುದಿಲ್ಲ. ತಲೆ ಕಾಯುತ್ತದೆ, ಅದಿಲ್ಲದೆ ಹತ್ತುವುದು ಬೇಡ.) ನಾವು ಗಾಳಿ ಟೈರಿನದನ್ನು ಕೊಂಡದ್ದು ಆ ವಾರವೇ, ಅವಳಿಗೆ ಎರಡು ವರ್ಷ ಎಂಟು ತಿಂಗಳಾಗಿದ್ದಾಗ.

ಒಂದೆರಡು ತಿಂಗಳು ಎರಡನ್ನೂ ಬಾಗಿಲ ಬಳಿ ಅಕ್ಕಪಕ್ಕ ನಿಲ್ಲಿಸಿ, ಅವಳು ಯಾವುದರ ಮೇಲೆ ಕೈ ಇಡುತ್ತಾಳೆ ಅಂತ ನೋಡಿದೆ. ಮನೆಯೊಳಗೆ, ನುಣ್ಣನೆಯ ಕಾಂಕ್ರೀಟಿನ ಮೇಲೆ ಯಾವಾಗಲೂ ಫೋಮಿನದೇ. ಮಣ್ಣು, ಹುಲ್ಲು, ಜಲ್ಲಿ ಇದ್ದ ಕಡೆ ಮೊದಮೊದಲು ಫೋಮಿನದನ್ನೇ ಎಳೆದಳು, ಮೂರನೇ ವಾರದಿಂದ ತಾನಾಗಿ ಇನ್ನೊಂದನ್ನು. ಗಾಳಿ ಟೈರು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಸಣ್ಣ ಕಲ್ಲನ್ನು ನುಂಗುತ್ತದೆ. ಮಗು ಹಗುರ, ಹಾಗಾಗಿ ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಗಾಳಿ ಸಾಕು. ದೊಡ್ಡವರ ಸೈಕಲ್ಲಿನ ಹಾಗೆ ಕಲ್ಲಾಗಿಸಿದರೆ ಫೋಮಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಪಂಕ್ಚರ್ ಒಂದೇ ಸಲ ಆಯಿತು. ಅದಕ್ಕಿಂತ ಹೆಚ್ಚು ಕಾಡಿದ್ದು ವಾಲ್ವ್. ಇಷ್ಟು ಸಣ್ಣ ಚಕ್ರದಲ್ಲಿ ನೆಟ್ಟಗೆ ನಿಂತ ವಾಲ್ವಿಗೂ ಚಕ್ರದ ಮಧ್ಯದ ಹಬ್‌ಗೂ ನಡುವೆ ಪಂಪಿನ ಬಾಯಿ ತೂರುವುದೇ ಇಲ್ಲ. ಟ್ಯೂಬ್ ಬದಲಿಸುವಾಗ ಬಾಗಿದ ವಾಲ್ವ್ ಇರುವುದನ್ನು ಹಾಕಿಸಿದೆ, ನೆಮ್ಮದಿಯಾಯಿತು.

ಬ್ರೇಕಿನ ಬಗ್ಗೆ ನನಗಿದ್ದ ಉತ್ಸಾಹ ವ್ಯರ್ಥ. ಲಿವರ್ ಕೈಗೆ ಹತ್ತಿರ ಬರಲಿ ಅಂತ ಸ್ಕ್ರೂ ತಿರುಗಿಸಿ ಕೊಟ್ಟರೂ ಮೂರು ವರ್ಷದವರೆಗೆ ಅವಳಿಗೆ ಅದೊಂದು ಟಕ್ ಟಕ್ ಆಟಿಕೆ. ನಿಲ್ಲುತ್ತಿದ್ದದ್ದು ಬೂಟಿನ ತುದಿ ತಿಕ್ಕಿ. ಎಡ ಬೂಟು ಯಾವಾಗಲೂ ಮೊದಲು ಸವೆಯುತ್ತಿತ್ತು. ಮೂರು ವರ್ಷ ನಾಲ್ಕು ತಿಂಗಳಲ್ಲಿ, ನಾನು ಹೇಳುವುದನ್ನು ನಿಲ್ಲಿಸಿದ ಮೇಲೆ, ಒಂದು ಇಳಿಜಾರಿನ ಅರ್ಧದಲ್ಲಿ ಲಿವರ್ ಒತ್ತಿ ನಿಂತು ಹಿಂತಿರುಗಿ ನೋಡಿದಳು. ಪೆಡಲ್ ಸೈಕಲ್ಲಿಗೆ ಹೋದಾಗ ಅದು ಕೈಹಿಡಿಯಿತು. ಒಂದೂವರೆ ವರ್ಷದ ಮಗುವಿಗಾದರೆ ಬ್ರೇಕ್ ಅಂದರೆ ಸುಮ್ಮನೆ ಹೊರುವ ಭಾರ.

ಕಾಲಿಡುವ ಜಾಗ ಫೋಮಿನದರಲ್ಲಿ ಮಾತ್ರ ಇತ್ತು, ಸೀಟಿನ ಹಿಂದೆ ಫ್ರೇಮಿನ ಮೇಲೆ ಒರಟು ಪಟ್ಟಿ. ಅವಳು ಹೆಚ್ಚಾಗಿ ಗಾಳಿಯಲ್ಲೇ ಕಾಲು ಚಾಚುತ್ತಿದ್ದಳು. ಹಿಂದಿನ ಆಕ್ಸಲ್ಲಿನ ನಟ್ಟು ಹೊರಚಾಚಿದೆಯೇ ಅನ್ನುವುದು ಹೆಚ್ಚು ಮುಖ್ಯ, ಓಡುವಾಗ ಹಿಮ್ಮಡಿ ತಾಗುವುದು ಅಲ್ಲೇ. ಮರದ್ದರಲ್ಲಿ ಅದಕ್ಕೆ ಮುಚ್ಚಳವಿತ್ತು, ಅದಕ್ಕೊಂದು ಅಂಕ ಕೊಡುತ್ತೇನೆ.

ನನ್ನ ಆಯ್ಕೆ ಕೇಳಿದರೆ: ಎರಡು ವರ್ಷದೊಳಗಿನ, ಕಾಲಳತೆ 33ಕ್ಕಿಂತ ಕಡಿಮೆ ಇರುವ ಮಗುವಿಗೆ ಫೋಮ್ ಟೈರಿನ ಹಗುರ ಸೈಕಲ್ಲು, ಬ್ರೇಕಿಲ್ಲದ್ದು, ಸಾಧ್ಯವಾದರೆ ಯಾರದೋ ಬಳಸಿದ್ದು. ಎರಡೂವರೆ ದಾಟಿದ ಮಗುವಿಗೆ ಒಂದೇ ಒಂದು ಕೊಳ್ಳುವುದಾದರೆ ಗಾಳಿ ಟೈರಿನದು. ನಮ್ಮದರ ಸೀಟು ಕನಿಷ್ಠ 31 ಇತ್ತು, ನಾಲ್ಕು ವರ್ಷದ ಹತ್ತಿರದವರೆಗೂ ಏರಿಸುತ್ತ ಬಂದೆವು. ಕಂಬದ ಮೇಲಿನ ‘ಇದಕ್ಕಿಂತ ಮೇಲೆ ಬೇಡ’ ಅನ್ನುವ ಗೆರೆ ಕಾಣಿಸಿಕೊಂಡ ತಿಂಗಳೇ 14 ಇಂಚಿನ ಪೆಡಲ್ ಸೈಕಲ್ಲಿಗೆ ಹೋದಳು. ಬ್ಯಾಲೆನ್ಸಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಕಾಲನ್ನು ಹಿಂದಕ್ಕೆ ತುಳಿಯುವುದನ್ನು ಬಿಡಿಸಲು ಕಾಲು ಗಂಟೆ ಹಿಡಿಯಿತು. ಮರದ್ದನ್ನು ನಾನು ಮತ್ತೆ ಕೊಳ್ಳುವುದಿಲ್ಲ, ಸೀಟು 30ಕ್ಕೆ ಇಳಿಯುವಂಥದ್ದು ಕಣ್ಣಿಗೆ ಬಿದ್ದರೆ ಮಾತ್ರ ಇನ್ನೊಮ್ಮೆ ಮರುಳಾದೇನು.

ಫೋಮಿನದನ್ನು ಗೆಳೆಯರು ವಾಪಸ್ ಕೇಳಲಿಲ್ಲ. ಈಗ ಅದು ಹತ್ತೊಂಬತ್ತು ತಿಂಗಳ ಮಗನದು. ಈ ಸಲ ಟೇಪು ಮೊದಲೇ ಹಿಡಿದೆ, 30 ಬಂತು, ಸೀಟನ್ನು ಕೊನೆಯ ಮಟ್ಟಕ್ಕೆ ಇಳಿಸಿದೆ, ಸರಿಯಾಗಿ ಹೊಂದಿತು. ಅವನು ಅದನ್ನು ತಲೆಕೆಳಗು ಮಾಡಿ, ಪಕ್ಕದಲ್ಲಿ ಕೂತು, ಚಕ್ರ ತಿರುಗಿಸುತ್ತಿದ್ದಾನೆ.